ಆರ್‌ವಿ ಬದುಕು: ಪಾಲಿಕೆಯೂ ನೀವೇ, ಜಲಮಂಡಳಿಯೂ ನೀವೇ

[ದೃಶ್ಯ: ಮರುಭೂಮಿಯ ನಡುವೆ ಬಿಳಿ ಆರ್‌ವಿ. ಹಿಂದೆ ಸೂರ್ಯ ಮುಳುಗುತ್ತಿದ್ದಾನೆ.]

ಈ ಶಾಟ್ ನೀವು ನೂರು ಸಲ ನೋಡಿರುತ್ತೀರಿ. ಅಮೆರಿಕದ ಅರಿಜೋನ ರಾಜ್ಯದ ಯಾವುದೋ ಬಯಲು, ಒಂದು ಆರ್‌ವಿ, ಮುಂದೆ ಎರಡು ಕುರ್ಚಿ, ಕೈಯಲ್ಲಿ ಕಾಫಿ. ಬಾಡಿಗೆ ಇಲ್ಲ, ಓನರ್ ಕಾಟ ಇಲ್ಲ. ಎಲ್ಲ ಮಾರಿ ಹೊರಟುಬಿಡೋಣ ಅಂತ ಯಾರಿಗಾದರೂ ಒಂದು ಸಲ ಅನ್ನಿಸುತ್ತದೆ, ಅಲ್ವಾ?

[ದೃಶ್ಯ: ಅದೇ ಗಾಡಿಯ ಪಕ್ಕ. ಗ್ಲೌಸ್ ಹಾಕಿದ ಕೈಗಳು ದಪ್ಪ ಪೈಪ್ ಜೋಡಿಸುತ್ತಿವೆ.]

ಈ ಶಾಟ್ ಯಾರೂ ಹಾಕುವುದಿಲ್ಲ. ಇವತ್ತು ಇಲ್ಲಿಂದಲೇ ಶುರು.

ಆರ್‌ವಿ ಅಂದರೆ ಮಂಚ, ಅಡುಗೆಮನೆ, ಟಾಯ್ಲೆಟ್ ಎಲ್ಲ ಇರುವ ಗಾಡಿ. ಕೆಲವು ಬಸ್ಸಿನಂತೆ ತಾವೇ ಓಡುತ್ತವೆ, ಕೆಲವನ್ನು ಟ್ರಕ್ಕಿಗೆ ಕಟ್ಟಿ ಎಳೆಯಬೇಕು. ಅದರ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಮೂರು ಟ್ಯಾಂಕ್. ಒಂದರಲ್ಲಿ ಒಳ್ಳೆಯ ನೀರು. ಸಿಂಕ್ ಮತ್ತು ಸ್ನಾನದ ನೀರಿಗೆ ಗ್ರೇ ಟ್ಯಾಂಕ್. ಟಾಯ್ಲೆಟ್‌ಗೆ ಬ್ಲ್ಯಾಕ್ ಟ್ಯಾಂಕ್.

ಮನೆಯಲ್ಲಿ ಫ್ಲಶ್ ಒತ್ತಿದ ಮೇಲೆ ಮುಂದಿನದು ಪಾಲಿಕೆಯ ಪಾಡು. ಇಲ್ಲಿ ನಿಮ್ಮ ಪಾಡು. ಇಬ್ಬರಿದ್ದರೆ ಹೆಚ್ಚು ಕಡಿಮೆ ವಾರಕ್ಕೊಮ್ಮೆ ಡಂಪ್ ಸ್ಟೇಷನ್‌ಗೆ, ಅಂದರೆ ಟ್ಯಾಂಕ್ ಖಾಲಿ ಮಾಡುವ ಜಾಗಕ್ಕೆ ಹೋಗಿ, ಪೈಪ್ ಹಾಕಿ, ಮೊದಲು ಬ್ಲ್ಯಾಕ್ ಬಿಡಬೇಕು, ಆಮೇಲೆ ಗ್ರೇ. ಸೋಪು ನೀರು ಕೊನೆಗೆ ಹೋದರೆ ಪೈಪ್ ತೊಳೆದಂತೆ ಆಗುತ್ತದೆ, ಅದಕ್ಕೆ ಈ ಕ್ರಮ. ಹೊಸಬರು ಮಾಡುವ ತಪ್ಪೇ ಬೇರೆ. ಆರ್‌ವಿಗಳು ತಂಗುವ ಪಾರ್ಕಿನಲ್ಲಿ ಒಳಚರಂಡಿ ಸಂಪರ್ಕ ಸಿಕ್ಕ ಖುಷಿಗೆ ಬ್ಲ್ಯಾಕ್ ವಾಲ್ವ್ ತೆಗೆದೇ ಇಟ್ಟುಬಿಡುತ್ತಾರೆ. ನೀರೆಲ್ಲ ಹರಿದು ಹೋಗುತ್ತದೆ, ಗಟ್ಟಿ ಭಾಗ ಅಲ್ಲೇ ಗುಡ್ಡೆಯಾಗಿ ಒಣಗುತ್ತದೆ. ಅಲ್ಲಿನವರು ಇದಕ್ಕೆ ಇಟ್ಟ ಹೆಸರು ಪೂಪ್ ಪಿರಮಿಡ್. ಊಟದ ಹೊತ್ತಿಗೆ ನೋಡುತ್ತಿದ್ದರೆ ಕ್ಷಮಿಸಿ.

ನಮ್ಮೂರ ಅಡುಗೆ ಮಾಡುವವರಿಗೆ ಗ್ರೇ ಟ್ಯಾಂಕ್ ಇನ್ನೂ ದೊಡ್ಡ ತಲೆನೋವು. ಸಾರಿನ ತಳ, ಒಗ್ಗರಣೆ ಎಣ್ಣೆ, ಅನ್ನದ ಅಗುಳು ಸಿಂಕಿಗೆ ಹೋದರೆ ಬಿಸಿಲಿಗೆ ಟ್ಯಾಂಕಿನಲ್ಲಿ ಹುಳಿತು ಕೂರುತ್ತದೆ. ಜಿಡ್ಡು ಸೆನ್ಸರಿಗೆ ಮೆತ್ತಿಕೊಂಡರೆ ಮೀಟರ್ ಸುಳ್ಳು ಹೇಳಲು ಶುರು ಮಾಡುತ್ತದೆ. ಖಾಲಿ ಟ್ಯಾಂಕನ್ನೂ ಮುಕ್ಕಾಲು ತುಂಬಿದೆ ಅನ್ನುತ್ತದೆ. ಅನುಭವಸ್ಥರು ಪಾತ್ರೆಯನ್ನು ಮೊದಲು ಪೇಪರಿನಲ್ಲಿ ಒರೆಸಿ ಆಮೇಲೆ ತೊಳೆಯುತ್ತಾರೆ.

[ದೃಶ್ಯ: ಪಾರ್ಕಿನ ಕರೆಂಟ್ ಪೆಟ್ಟಿಗೆ. 30 ಆಂಪ್ ಪ್ಲಗ್.]

ಈಗ ಕರೆಂಟ್. ಸ್ವಲ್ಪ ಲೆಕ್ಕ ಮಾಡೋಣ. ಬಹಳಷ್ಟು ಆರ್‌ವಿಗಳಿಗೆ 30 ಆಂಪ್ ಸಂಪರ್ಕ. ಅಮೆರಿಕದ 120 ವೋಲ್ಟ್‌ಗೆ ಗುಣಿಸಿದರೆ 3,600 ವಾಟ್. ಇಡೀ ಮನೆಗೆ ಇಷ್ಟೇ. ಏಸಿ ಸುಮಾರು 1,500 ಎಳೆಯುತ್ತದೆ. ದೋಸೆಗೆ ಇಂಡಕ್ಷನ್ ಹಚ್ಚಿದಿರಿ, 1,800. ಅಷ್ಟರಲ್ಲಿ ಯಾರೋ ಸ್ನಾನಕ್ಕೆ ಅಂತ ಹೀಟರ್ ಹಾಕಿದರು, ಇನ್ನೊಂದು 1,400. ಟಪ್! ಎಲ್ಲ ಆಫ್. ದೋಸೆ ಅರ್ಧ ಬೆಂದಿದೆ, ಹೊರಗೆ 40 ಡಿಗ್ರಿ. ದೊಡ್ಡ ಗಾಡಿಗಳಿಗೆ 50 ಆಂಪ್ ಇರುತ್ತದೆ. ಅದು ಎರಡು ಲೈನ್ ಸೇರಿ 12,000 ವಾಟ್ ಕೊಡುತ್ತದೆ, ಅವರಿಗೆ ಚಿಂತೆ ಕಡಿಮೆ. ಅಂದಹಾಗೆ, ಊರಿಂದ ಹೊತ್ತುಕೊಂಡು ಹೋದ ಮಿಕ್ಸಿ 230 ವೋಲ್ಟಿನದು. ಅದಕ್ಕೆ ಬೇರೆಯೇ ಟ್ರಾನ್ಸ್‌ಫಾರ್ಮರ್ ಬೇಕು.

ಬಿಸಿ ನೀರಿನ ಕಥೆ ಇನ್ನೂ ಚಿಕ್ಕದು. ಸಾಮಾನ್ಯ ಆರ್‌ವಿ ಗೀಸರ್ ಹಿಡಿಯುವುದು 6 ಗ್ಯಾಲನ್, ಅಂದರೆ ಹತ್ತಿರ ಹತ್ತಿರ 23 ಲೀಟರ್. ಒಂದು ಬಕೆಟ್‌ಗಿಂತ ಒಂದು ಚೊಂಬು ಜಾಸ್ತಿ. ಹಂಡೆ ನೀರಿನ ಎಣ್ಣೆಸ್ನಾನ ಮರೆತುಬಿಡಿ.

ಚಳಿಗಾಲ ಬಂದರೆ ಗೋಡೆ ಎಷ್ಟು ತೆಳು ಅಂತ ಗೊತ್ತಾಗುತ್ತದೆ. ಶೂನ್ಯಕ್ಕಿಂತ ಕೆಳಗಿಳಿದರೆ ಪೈಪಿನಲ್ಲಿ ನೀರು ಹೆಪ್ಪುಗಟ್ಟುತ್ತದೆ, ಪೈಪ್ ಒಡೆಯುತ್ತದೆ. ಗ್ಯಾಸ್ ಹೀಟರ್ ಇದೆಯಲ್ಲ ಅಂತೀರಾ? ಇದೆ. ಆದರೆ ಅದರ ಫ್ಯಾನ್ ಓಡುವುದು ಬ್ಯಾಟರಿಯಿಂದ. ನಡುರಾತ್ರಿ ಬ್ಯಾಟರಿ ಕುಸಿದರೆ ಸಿಲಿಂಡರ್ ತುಂಬಿದ್ದರೂ ಚಳಿಯಲ್ಲೇ ನಡುಗಬೇಕು. ಮತ್ತೊಂದು, ಕಿಟಕಿ ಮುಚ್ಚಿ ಕುಕ್ಕರ್ ಕೂಗಿಸಿದರೆ ಆ ಹಬೆ ಎಲ್ಲಿಗೆ ಹೋಗಬೇಕು? ತಣ್ಣನೆಯ ಗೋಡೆಗೆ ತಾಗಿ ನೀರಾಗಿ ಇಳಿಯುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಬಟ್ಟೆಗೆ ಬೂಸ್ಟು ಹಿಡಿಯುವುದನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಇಲ್ಲಿ ಅದು ಹಾಸಿಗೆಯ ಅಡಿಯಲ್ಲಿ ಹಿಡಿಯುತ್ತದೆ, ಎತ್ತಿ ನೋಡುವವರೆಗೂ ಗೊತ್ತಾಗುವುದಿಲ್ಲ.

[ದೃಶ್ಯ: ಕ್ವಾರ್ಟ್ಜ್‌ಸೈಟ್‌ನ ಬಯಲು. ಸಾಲು ಸಾಲು ಆರ್‌ವಿಗಳು.]

ಬಾಡಿಗೆ ಇಲ್ಲ ಅಂದೆವಲ್ಲ, ಅದೂ ಅರ್ಧ ಸತ್ಯ. ಕೇಂದ್ರ ಸರ್ಕಾರದ ಭೂ ಇಲಾಖೆ, ಅಂದರೆ ಬಿಎಲ್‌ಎಂ, ತನ್ನ ಜಾಗಗಳಲ್ಲಿ ಬಿಟ್ಟಿಯಾಗಿ ತಂಗಲು ಬಿಡುತ್ತದೆ. ಸಾಮಾನ್ಯವಾಗಿ 14 ದಿನ, ಆಮೇಲೆ ಜಾಗ ಖಾಲಿ ಮಾಡಬೇಕು. ಅರಿಜೋನದ ಕ್ವಾರ್ಟ್ಜ್‌ಸೈಟ್ ಸುತ್ತ ಚಳಿಗಾಲಕ್ಕೆಂದೇ ಬೇರೆ ವ್ಯವಸ್ಥೆ ಇದೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಅಲ್ಲಿರಲು ಹಲವು ವರ್ಷ 180 ಡಾಲರ್ ಪರ್ಮಿಟ್ ಇತ್ತು. ಅಗ್ಗ, ಒಪ್ಪಿದೆ. ಆದರೆ ಪ್ಲಗ್ ಹಾಕಲು ಕಂಬ ಇಲ್ಲ, ನೆರಳಿಗೆ ಮರ ಇಲ್ಲ. ಕರೆಂಟ್, ನೀರು ಎಲ್ಲ ಬೇಕು ಅಂದರೆ ಖಾಸಗಿ ಪಾರ್ಕ್, ಅಲ್ಲಿಗೆ ತಿಂಗಳ ಬಾಡಿಗೆ. ಮತ್ತೆ ಓನರ್ ಬಂದ ನೋಡಿ!

ದುಡ್ಡಿನ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಕಾಡಿದ್ದು ಇದು. ನಮ್ಮೂರಲ್ಲಿ ಮನೆ ಹಳೆಯದಾದರೂ ಸೈಟಿನ ಬೆಲೆ ಏರುತ್ತದೆ, ಅದೇ ಧೈರ್ಯದ ಮೇಲೆ ನಾವು ಸಾಲ ಮಾಡುತ್ತೇವೆ. ಆರ್‌ವಿಗೆ ಸೈಟೇ ಇಲ್ಲ. ಕಾರಿನಂತೆ ಬೆಲೆ ಇಳಿಯುತ್ತಾ ಹೋಗುತ್ತದೆ, ಸಾಲದ ಕಂತು ಮಾತ್ರ ಮನೆಯಂತೆ 15, 20 ವರ್ಷ ಎಳೆಯಬಹುದು. ದೊಡ್ಡ ಗಾಡಿ ಲೀಟರಿಗೆ 3, 4 ಕಿಲೋಮೀಟರ್ ಕೊಟ್ಟರೆ ಹೆಚ್ಚು.

ಮತ್ತೆ, ಮನೆ ಹೆದ್ದಾರಿಯಲ್ಲಿ ಓಡುವುದು ಅಂದರೆ ದಿನವೂ ಸಣ್ಣ ಭೂಕಂಪ. ಸ್ಕ್ರೂ ಸಡಿಲ, ಚಾವಣಿಯ ಜೋಡಣೆ ಬಿರುಕು, ನೀರು ಒಳಕ್ಕೆ. ರಿಪೇರಿಗೆ ಬಿಟ್ಟರೆ ವಾರಗಟ್ಟಲೆ ಕಾಯಬೇಕಾಗಬಹುದು. ಆಗ ಮನೆಯೇ ಗ್ಯಾರೇಜಿನಲ್ಲಿ! ಮಲಗುವುದೆಲ್ಲಿ? ಹೋಟೆಲಿನಲ್ಲಿ.

[ದೃಶ್ಯ: ಅಂಚೆ ಪೆಟ್ಟಿಗೆ.]

ವಿಳಾಸ ಯಾವುದು ಅಂತ ಬ್ಯಾಂಕ್ ಕೇಳುತ್ತದೆ, ಲೈಸೆನ್ಸ್ ಕಚೇರಿ ಕೇಳುತ್ತದೆ. ಅದಕ್ಕೇ ಸದಾ ತಿರುಗುವವರು ಸೌತ್ ಡಕೋಟಾ, ಟೆಕ್ಸಸ್, ಫ್ಲೋರಿಡಾದಲ್ಲಿ ಒಂದು ವಿಳಾಸ ಮಾಡಿಕೊಳ್ಳುತ್ತಾರೆ. ಮೂರರಲ್ಲೂ ರಾಜ್ಯದ ಆದಾಯ ತೆರಿಗೆ ಇಲ್ಲ. ಆದರೆ ಆರೋಗ್ಯ ವಿಮೆಯ ಹಲವು ಪ್ಲಾನ್‌ಗಳು ಆಯಾ ರಾಜ್ಯದ ಆಸ್ಪತ್ರೆಗಳಿಗೇ ಸೀಮಿತ. ಬೇರೆ ರಾಜ್ಯದಲ್ಲಿ ತುರ್ತು ಚಿಕಿತ್ಸೆ ಬಿಟ್ಟರೆ ಉಳಿದದ್ದು ಕೈಯಿಂದಲೇ.

ಎಚ್‌-1ಬಿ ವೀಸಾದಲ್ಲಿರುವ ಕನ್ನಡಿಗರೇ, ಇದು ನಿಮಗೆ. ವರ್ಕ್ ಫ್ರಮ್ ಹೋಮ್ ತಾನೇ, ಆರ್‌ವಿಯಿಂದಲೇ ಮಾಡೋಣ ಅಂದುಕೊಳ್ಳಬೇಡಿ. ಆ ವೀಸಾ ನೀವು ಕೆಲಸ ಮಾಡುವ ಜಾಗಕ್ಕೆ ಅಂಟಿಕೊಂಡಿದೆ. ಊರು ಬದಲಾದರೆ ಕಂಪನಿ ತಿದ್ದುಪಡಿ ಅರ್ಜಿ ಹಾಕಬೇಕಾಗಬಹುದು. ಮನೆ ಬದಲಾಯಿಸಿದರೆ 10 ದಿನದೊಳಗೆ ವಲಸೆ ಇಲಾಖೆಗೆ ನೀವೂ ತಿಳಿಸಬೇಕು. ವಾರಕ್ಕೊಂದು ಊರು ಸುತ್ತುವವರು ಏನಂತ ಬರೆಯುತ್ತಾರೆ? ಮೊದಲು ವಕೀಲರನ್ನು ಕೇಳಿ.

ಹಾಗಂತ ಇದು ಯಾರಿಗೂ ಆಗದ ಬದುಕಲ್ಲ. ಟೆಕ್ಸಸ್‌ನ ಲಿವಿಂಗ್‌ಸ್ಟನ್‌ನಲ್ಲಿ ಎಸ್ಕೇಪೀಸ್ ಅನ್ನುವ ಆರ್‌ವಿ ಕ್ಲಬ್ ಇದೆ, ಶುರುವಾದದ್ದು 1978ರಲ್ಲಿ. ಸದಸ್ಯರ ಅಂಚೆಯನ್ನು ಅವರಿರುವ ಕಡೆಗೆ ಕಳಿಸುವುದು ಕ್ಲಬ್ಬಿನ ಒಂದು ಕೆಲಸ. ವಯಸ್ಸಾಗಿ ಗಾಡಿ ಓಡಿಸಲಾಗದ ಸದಸ್ಯರು ತಮ್ಮ ಆರ್‌ವಿಯಲ್ಲೇ ಇದ್ದು ಆರೈಕೆ ಪಡೆಯುವ ಜಾಗವೂ ಅಲ್ಲಿದೆ. ಇನ್ನೊಂದು ಕಡೆ, ಮನೆ ಬಾಡಿಗೆ ಕಟ್ಟಲಾಗದೆ ಆರ್‌ವಿಗೆ ಬಂದವರೂ ಬೇಕಾದಷ್ಟಿದ್ದಾರೆ. ಅವರ ಮುಂದೆ ಸೂರ್ಯಾಸ್ತದ ಕುರ್ಚಿ ಇರುವುದಿಲ್ಲ.

ಇಷ್ಟೆಲ್ಲ ಕೇಳಿಯೂ ಆಸೆ ಹೋಗಲಿಲ್ಲವಾ? ಸರಿ. ಒಂದು ವಾರ ಬಾಡಿಗೆಗೆ ತೆಗೆದುಕೊಳ್ಳಿ, ಮೇ ತಿಂಗಳಲ್ಲಿ ಅಲ್ಲ, ಜನವರಿಯಲ್ಲಿ. ಮಳೆ ಬಂದರೆ ಇನ್ನೂ ಒಳ್ಳೆಯದು. ಕೊನೆಯ ದಿನ ಟ್ಯಾಂಕ್ ಖಾಲಿ ಮಾಡಿಕೊಡುತ್ತೇವೆ, ಇಷ್ಟು ಡಾಲರ್ ಕೊಡಿ ಅನ್ನುತ್ತಾರೆ. ಕೊಡಬೇಡಿ, ನೀವೇ ಮಾಡಿ. ಗ್ಲೌಸ್ ಎರಡು ಜೊತೆ ಇರಲಿ.