ಸಕ್ಕರೆಯ ಮೇಲೆ ಸಂಪಿಗೆ

ಕೇಳುಗರಿಗೆ ನಮಸ್ಕಾರ.

ಹೋದ ಆಗಸ್ಟಿನಲ್ಲಿ ನಮ್ಮ ಅತ್ತೆಗೆ 70 ತುಂಬಿತು. ಬೇಕರಿ ಕೇಕ್ ಬೇಡ, ನಾನೇ ಮಾಡುತ್ತೇನೆ ಅಂದೆ. ಅಷ್ಟಕ್ಕೇ ಸುಮ್ಮನಿರದೆ, ಅದರ ಮೇಲೆ ಹೂವಿನ ಚಿತ್ರವನ್ನೂ ಬರೆಯುತ್ತೇನೆ ಅಂದುಬಿಟ್ಟೆ. ಮಲ್ಲೇಶ್ವರದಲ್ಲಿ ನಮ್ಮ ಮನೆ ಮುಂದೆ ಒಂದು ಕೆಂಡಸಂಪಿಗೆ ಮರ ಇದೆ. ಮಳೆಗಾಲದಲ್ಲಿ ಅತ್ತೆ ಬೆಳಿಗ್ಗೆ ಎದ್ದವರೇ ಅದರ ಕೆಳಗೆ ಹೂ ಆರಿಸಲು ಹೋಗುತ್ತಾರೆ. ಇನ್ನು ಬೇರೆ ಹೂ ಯಾಕೆ, ಅಲ್ವಾ?

ನನ್ನದು ದಿನಾ ರಂಗೋಲಿ ಹಾಕುವ ಕೈ. ಶಾಲೆಯಲ್ಲಿ ಡ್ರಾಯಿಂಗ್ ಹೈಯರ್ ಗ್ರೇಡ್ ಪಾಸಾದ ಕೈ. ಕೇಕೇನು ಮಹಾ ಅಂದುಕೊಂಡೆ.

ಚಿತ್ರ ಬರೆಯಲು ನಯವಾದ ಬಿಳಿ ಮೈ ಬೇಕು. ಅದಕ್ಕೆ ಫಾಂಡೆಂಟ್ ಬಳಸುತ್ತಾರೆ. ಸಕ್ಕರೆ ಪುಡಿಯ ಕಣಕ ಅಂದುಕೊಳ್ಳಿ. ನುಣ್ಣನೆಯ ಸಕ್ಕರೆ ಪುಡಿಗೆ ಗ್ಲೂಕೋಸ್ ಪಾಕ, ಸ್ವಲ್ಪ ಗ್ಲಿಸರಿನ್, ಹಿಡಿದುಕೊಳ್ಳಲು ಜೆಲಟಿನ್ ಅಥವಾ ಯಾವುದಾದರೂ ಅಂಟು ಹಾಕಿ ನಾದಿದ್ದು. ಜೆಲಟಿನ್ ಪ್ರಾಣಿಗಳ ಮೂಳೆ, ಚರ್ಮದಿಂದ ಬರುತ್ತದೆ. ನಮ್ಮ ಮನೆಯಲ್ಲಿ ಮೊಟ್ಟೆಯೂ ನಡೆಯುವುದಿಲ್ಲ. ಕೇಕೂ ಮೊಸರು, ಸೋಡಾ ಹಾಕಿದ್ದೇ. ಹಾಗಾಗಿ ಪೊಟ್ಟಣದ ಮೇಲಿನ ಹಸಿರು ಚುಕ್ಕಿ ನೋಡಿಯೇ ತಂದೆ.

ಕಾರ್ನ್‌ಫ್ಲೋರ್ ಉದುರಿಸಿ ಲಟ್ಟಿಸಿದೆ. ಹೊಸ ಕುಂಚ ತಂದಿದ್ದೆ. ಇಡ್ಲಿ ತಟ್ಟೆಯ ಗುಳಿಗಳಲ್ಲಿ ಒಂದೊಂದು ಬಣ್ಣ. ಇದಕ್ಕಿಂತ ಒಳ್ಳೆಯ ಪ್ಯಾಲೆಟ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಮನೆಮನೆಯಲ್ಲೂ ಇದೆ. ಜೆಲ್ ಬಣ್ಣಕ್ಕೆ ನಾಲ್ಕು ಹನಿ ನೀರು ಬೆರೆಸಿ ಶುರು ಮಾಡಿದೆ.

ಮೊದಲ ಎಸಳು ಚೆನ್ನಾಗಿಯೇ ಬಂತು. ಎರಡನೆಯದು ಬರೆಯುವಷ್ಟರಲ್ಲಿ ಮೊದಲನೆಯದು ಒದ್ದೆಯಾಗಿ ಹೊಳೆಯತೊಡಗಿತು. ಆಮೇಲೆ ಅಂಟಂಟಾಯಿತು. ಕುಂಚದ ತುದಿ ತಾಗಿದ ಕಡೆಯೆಲ್ಲ ಸಕ್ಕರೆ ಕರಗಿ ಸಣ್ಣ ಗುಳಿ ಬಿತ್ತು. ಹಳದಿ ಆ ಗುಳಿಗೆ ಇಳಿಯಿತು. ಹಿಂದೆಯೇ ಎಲೆಯ ಹಸಿರೂ ಹರಿದು ಬಂತು. ಸಕ್ಕರೆಗೆ ನೀರು ತಾಗಿದರೆ ಏನಾಗುತ್ತದೆ ಅಂತ ಜಾಮೂನಿಗೆ ಪಾಕ ಕಾಸಿದವರಿಗೆಲ್ಲ ಗೊತ್ತು. ನನಗೆ ಮಾತ್ರ ಆ ಹೊತ್ತಿಗೆ ಹೊಳೆಯಲಿಲ್ಲ.

ಗಟ್ಟಿಯಾಗಲಿ ಅಂತ ಫ್ರಿಜ್ಜಿನಲ್ಲಿಟ್ಟೆ. ಅದು ಎರಡನೇ ತಪ್ಪು. ಆಗಸ್ಟಿನ ಜಿಟಿಜಿಟಿ ಮಳೆ, ಗಾಳಿಯೆಲ್ಲ ತೇವ. ಹೊರಗೆ ತೆಗೆದ ಸ್ವಲ್ಪ ಹೊತ್ತಿಗೇ ತಣ್ಣಗಿನ ಸಕ್ಕರೆಯ ಮೇಲೆ ಹನಿ ಕೂತವು. ಸಂಪಿಗೆ ಹೋಗಿ ಒಡೆದ ಮೊಟ್ಟೆಯ ಹಾಗೆ ಕಾಣುತ್ತಿತ್ತು. ಅದೂ ನಮ್ಮ ಮನೆಯಲ್ಲಿ!

ಬೇಕಿಂಗ್ ಸಾಮಾನಿನ ಅಂಗಡಿಯವರಿಗೆ ಹೇಳಿದರೆ ನಕ್ಕುಬಿಟ್ಟರು. "ನೀರು ಹಾಕಬಾರದು ಮೇಡಂ, ವೋಡ್ಕಾ ಹಾಕಿ," ಅಂದರು.

ತಮಾಷೆಯಲ್ಲ, ಕಾರಣ ಇದೆ. ಮದ್ಯಸಾರ ನೀರಿಗಿಂತ ಬೇಗ ಆರುತ್ತದೆ. ಸಕ್ಕರೆಯನ್ನು ನೀರಿನಷ್ಟು ಕರಗಿಸುವುದೂ ಇಲ್ಲ. ಬಣ್ಣ ಕೂರುತ್ತದೆ, ಮದ್ಯಸಾರ ಹಾರಿಹೋಗುತ್ತದೆ. ಬೇಡ ಅನ್ನುವವರು ಮದ್ಯಸಾರದಲ್ಲಿ ತೆಗೆದ ನಿಂಬೆ ಎಸೆನ್ಸ್ ಬಳಸಬಹುದು ಅನ್ನುತ್ತಾರೆ. ಅದೂ ಅದೇ ಜಾತಿ, ಹೆಸರು ಬೇರೆ ಅಷ್ಟೇ. ಮದ್ಯಸಾರವೇ ಬೇಡ ಅಂದರೆ ಕೊಕೊ ಬೆಣ್ಣೆ ಕರಗಿಸಿ, ಎಣ್ಣೆಯಲ್ಲಿ ಬೆರೆಯುವ ಪುಡಿ ಬಣ್ಣ ಕಲಸಿ ಬರೆಯಬಹುದು. ಅದು ಸುಮಾರು 34 ಡಿಗ್ರಿಗೆ ಕರಗುತ್ತದೆ. ನಮ್ಮೂರಿನ ಡಿಸೆಂಬರ್ ಚಳಿಯಲ್ಲಿ ಕುಂಚದಲ್ಲೇ ಗಟ್ಟಿಯಾಗುತ್ತದೆ. ಬಿಸಿನೀರಿನ ಪಾತ್ರೆಯ ಮೇಲೆ ತಟ್ಟೆ ಇಟ್ಟುಕೊಂಡೇ ಕೂರಬೇಕು.

ನಮ್ಮ ಯಜಮಾನರು ಪೇಪರಿನಲ್ಲಿ ಸುತ್ತಿ ಚಿಕ್ಕದೊಂದು ಬಾಟಲಿ ತಂದರು. ನಾನು ಅದನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟೆ.

ಈ ಸಲ ಕೇಕಿನ ಮೇಲೇ ಬರೆಯುವ ಸಾಹಸ ಮಾಡಲಿಲ್ಲ. ಫಾಂಡೆಂಟನ್ನು ಅಂಗೈ ಅಗಲದ ಬಿಲ್ಲೆಯಾಗಿ ಕತ್ತರಿಸಿ, ಫ್ಯಾನಿನ ಕೆಳಗೆ ಎರಡು ದಿನ ಒಣಗಿಸಿದೆ. ಚಿತ್ರ ಕೆಟ್ಟರೆ ಬಿಲ್ಲೆ ಹೋಗುತ್ತದೆ, ಕೇಕ್ ಉಳಿಯುತ್ತದೆ. ಮೊದಲ ಸಲ ಮಾಡುವವರು ದಯವಿಟ್ಟು ಹೀಗೇ ಮಾಡಿ. ಪೆನ್ಸಿಲ್ ಮುಟ್ಟಿಸುವ ಹಾಗಿಲ್ಲ. ಟ್ರೇಸಿಂಗ್ ಪೇಪರಿನಲ್ಲಿ ಹೂ ಬರೆದು, ಬಿಲ್ಲೆಯ ಮೇಲಿಟ್ಟು, ಹೊಸ ಗುಂಡುಪಿನ್ನಿನಿಂದ ಗೆರೆಯುದ್ದಕ್ಕೂ ಚುಚ್ಚುತ್ತಾ ಹೋದೆ. ಪೇಪರ್ ತೆಗೆದರೆ ರಂಗೋಲಿ ಚುಕ್ಕಿ ಇಟ್ಟ ಹಾಗೆ!

ಬಣ್ಣದ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಜಿಪುಣಿ. 2024ರಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತೆಯವರು 235 ಕೇಕ್ ಮಾದರಿ ಪರೀಕ್ಷಿಸಿದಾಗ 12ರಲ್ಲಿ ಕೃತಕ ಬಣ್ಣ ಅತಿಯಾಗಿತ್ತು. ಅದೇ ವರ್ಷ ಗೋಬಿ ಮಂಚೂರಿ ಬಣ್ಣಕ್ಕೂ ತಡೆ ಬಿದ್ದದ್ದು ನೆನಪಿರಬಹುದು. ಮನೆಯಲ್ಲಿ ಅಳತೆ ನೋಡುವವರು ಯಾರು? ಕಡುಗೆಂಪು ಬರಲಿ ಅಂತ ಜೆಲ್ ಸುರಿದರೆ ಕೇಕ್ ಕಹಿಯಾಗುತ್ತದೆ, ನಾಲಿಗೆಯೂ ಕೆಂಪಾಗುತ್ತದೆ. ಇನ್ನು ಮಿನುಗುವ ಪುಡಿಗಳು. ಡಬ್ಬಿಯ ಮೇಲೆ 'ನಾನ್ ಟಾಕ್ಸಿಕ್' ಅಂತ ಇದ್ದರೆ ವಿಷವಲ್ಲ ಅಂತ ಅರ್ಥ, ತಿನ್ನುವ ವಸ್ತು ಅಂತ ಅಲ್ಲ. 'ಎಡಿಬಲ್' ಅಂತ ಬರೆದಿರಬೇಕು, ಏನೇನು ಹಾಕಿದ್ದಾರೆ ಅನ್ನೋದೂ ಇರಬೇಕು. ಮಕ್ಕಳ ಪೋಸ್ಟರ್ ಬಣ್ಣದ ಮಾತೇ ಬೇಡ, ಅದರಲ್ಲಿ ಅದ್ದಿದ ಹಳೇ ಕುಂಚವೂ ಬೇಡ.

ಸಂಪಿಗೆಯ ಹಳದಿಗೆ ನಾನು ಬಳಸಿದ್ದು ಅರಿಶಿನ. ಅದರ ಬಣ್ಣ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಪುಡಿ ತಳಕ್ಕೆ ಕೂರುತ್ತದೆ. ವೋಡ್ಕಾದಲ್ಲಿ ಚಿಟಿಕೆ ಅರಿಶಿನ ನೆನೆಸಿ ನೋಡಿ, ಬಿಸಿಲಿನಂಥ ಹಳದಿ ಬಿಡುತ್ತದೆ. ಮೇಲಿನ ತಿಳಿಯಲ್ಲಿ ಕುಂಚ ಅದ್ದಿದರೆ ಆಯಿತು. ಆದರೆ ನಮ್ಮ ಮರದ್ದು ಕೆಂಡಸಂಪಿಗೆ, ಬುಡದಲ್ಲಿ ಕೆಂಪು ಬೇಕು. ಆರತಿ ನೀರಿಗೆ ಅರಿಶಿನ, ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ? ಸುಣ್ಣದ ಬದಲು ಸಾಸಿವೆ ಕಾಳಿನಷ್ಟು ಅಡುಗೆ ಸೋಡಾ ಹಾಕಿದೆ. ಗುಳಿಯಲ್ಲಿದ್ದ ಹಳದಿ ಕಣ್ಣೆದುರೇ ಕೆಂಪಿಗೆ ತಿರುಗಿತು. ಕಾಂಡಕ್ಕೆ ಕೊಕೊ ಪುಡಿ. ಅಂಗಡಿ ಬಣ್ಣ ಅಂತ ಹಾಕಿದ್ದು ಎಲೆಯ ಹಸಿರಿಗೆ, ಕಡ್ಡಿಯ ತುದಿಯಲ್ಲಿ ಬಂದಷ್ಟು. ಅರಿಶಿನದ ಬಣ್ಣ ಬಿಸಿಲಿಗೆ ಮಾಸುತ್ತದೆ, ಕಿಟಕಿಯ ಹತ್ತಿರ ಮಾತ್ರ ಇಡಬೇಡಿ.

ಕುಂಚವನ್ನು ಬಟ್ಟೆಗೆ ಒರೆಸಿ, ಒಣಗಿದೆಯೇನೋ ಅನ್ನುವ ಹಾಗಿದ್ದಾಗ ಬರೆಯಬೇಕು. ಮೊದಲು ತಿಳಿ ಬಣ್ಣ, ಕಾಲು ಗಂಟೆ ಬಿಟ್ಟು ಅದರ ಮೇಲೆ ಗಾಢ, ಕೊನೆಗೆ ಗೆರೆ. ಆ ಕಾಲು ಗಂಟೆ ಕಾಯೋದಿದೆಯಲ್ಲ, ಅದೇ ಕಷ್ಟ. ನಾನು ಎದ್ದು ಹೋಗಿ ಹುರುಳಿಕಾಯಿ ಬಿಡಿಸಿಟ್ಟೆ. ಒಂದು ಎಸಳು ಸೊಟ್ಟಗಾಯಿತು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ವೋಡ್ಕಾದಲ್ಲಿ ಅದ್ದಿ ಮೆಲ್ಲಗೆ ಒರೆಸಿದೆ, ಮುಕ್ಕಾಲು ಹೋಯಿತು. ಉಳಿದದ್ದನ್ನು ಮೊಗ್ಗು ಮಾಡಿದೆ.

1975ರಲ್ಲಿ ಶುರುವಾದ ನಮ್ಮೂರಿನ ಡಿಸೆಂಬರ್ ಕೇಕ್ ಪ್ರದರ್ಶನದಲ್ಲಿ ಸಕ್ಕರೆಯಲ್ಲಿ ಅರಮನೆಯನ್ನೇ ಕಟ್ಟುತ್ತಾರೆ. ಅದನ್ನು ನೋಡಿ ಬಂದವರಿಗೆ ಇದೆಲ್ಲ ನಮ್ಮಿಂದ ಆಗುವುದಲ್ಲ ಅನಿಸುತ್ತದೆ. ಆದರೆ ಸಂಕ್ರಾಂತಿಗೆ ಮನೆಯಲ್ಲೇ ಸಕ್ಕರೆ ಅಚ್ಚು ಹಾಕುವ ಜನ ನಾವು. ಅದರಲ್ಲೂ ಗಿಣಿ, ಆನೆ, ಬೃಂದಾವನ ಎಲ್ಲ ಇಲ್ಲವೇ?

ಹುಟ್ಟುಹಬ್ಬದ ದಿನ ಕೇಕ್ ಕತ್ತರಿಸುವ ಹೊತ್ತಿಗೆ ಅತ್ತೆ ಚಾಕು ಕೆಳಗಿಟ್ಟರು. "ಹೂವಿಗೆ ಚಾಕು ಹಾಕೋದಾ? ಬೇಡಮ್ಮ," ಅಂದರು. ಬಿಲ್ಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ದೇವರ ಮುಂದೆ ಇಟ್ಟು ಕೈಮುಗಿದರು. ಆಮೇಲೆ ಎಲ್ಲರಿಗೂ ಒಂದೊಂದು ಚೂರು ಮುರಿದು ಪ್ರಸಾದ ಅಂತ ಕೊಟ್ಟರು. ಯಜಮಾನರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಅಕ್ಕಿ ಡಬ್ಬದ ಹಿಂದಿನ ವಿಷಯ ಇವತ್ತಿನವರೆಗೂ ಮನೆಯಲ್ಲಿ ಎತ್ತಿಲ್ಲ.

ಅತ್ತೆ ಈಗ ಅಡುಗೆಮನೆಯಲ್ಲಿ ರೇಡಿಯೊ ಹಾಕಿಕೊಂಡು ಕೂತಿರುತ್ತಾರೆ. ನಾನು ಇವತ್ತು ಸ್ವಲ್ಪ ತಡವಾಗಿಯೇ ಮನೆಗೆ ಹೋಗುತ್ತೇನೆ.

ನಮಸ್ಕಾರ.