ನಾಯಿ ಪ್ರೀತಿ ತಿಳಿಯೋಕೆ ಬಾಲ ಒಂದನ್ನೇ ನೋಡ್ಬೇಡಿ

ಈ ಕ್ಲಿಪ್ ಸ್ವಲ್ಪ ಸ್ಲೋ ಮಾಡಿ ಹಾಕಿದೀನಿ, ಗಮನ ಇಟ್ಟು ನೋಡಿ, ನಾನು ಬಾಗ್ಲು ತೆಗ್ದು ಒಳಗೆ ಬರ್ತಿದೀನಿ, ನಮ್ಮ ಚಿನ್ನಿ ಬಾಲ ಯಾವ ಕಡೆ ಜಾಸ್ತಿ ಬೀಸ್ತಿದೆ? ಅವಳ ಬಲಕ್ಕೆ. 2007ರಲ್ಲಿ ಇಟಲಿಯ ಸೈಂಟಿಸ್ಟ್‌ಗಳು 30 ನಾಯಿಗಳ ಬಾಲಾನ ಹೀಗೇ ವಿಡಿಯೋ ಮಾಡಿ ಅಳೆದ್ರು, ತಮ್ಮ ಓನರ್ ಕಂಡ್ರೆ ಬಾಲ ಬಲಕ್ಕೆ ಜಾಸ್ತಿ ಹೋಗುತ್ತೆ, ಗುರುತಿಲ್ಲದ ದರ್ಪದ ನಾಯಿ ಎದುರಿಗೆ ಬಂದ್ರೆ ಎಡಕ್ಕೆ.

ಆದ್ರೆ ನಂಗೆ ಈ ಕುಣಿದಾಟಕ್ಕಿಂತ ಆಮೇಲಿಂದೇ ಜಾಸ್ತಿ ಇಷ್ಟ. ಗಲಾಟೆ ಎಲ್ಲ ಮುಗಿದ್ಮೇಲೆ ಬಂದು ನನ್ನ ಕಾಲಿಗೆ ಒರಗಿ ನಿಲ್ತಾಳಲ್ಲ, ಪೂರ್ತಿ ಭಾರ ಬಿಟ್ಟು, ನಾನು ಸರಿದ್ರೆ ಬಿದ್ದೇಬಿಡ್ಬೇಕು ಹಾಗೆ, ತಲೆ ಎತ್ತಿ ಒಂದೇ ಸಮ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾಳೆ. ಏನೂ ಕೇಳ್ತಿಲ್ಲ, ಸುಮ್ನೆ ನೋಡ್ತಾಳೆ ಅಷ್ಟೇ. ಜಪಾನಿನ ಅಜಾಬು ಯೂನಿವರ್ಸಿಟಿಯವರು 2015ರಲ್ಲಿ ಇದನ್ನ ಟೆಸ್ಟ್ ಮಾಡಿದ್ರು, ಹೀಗೆ ತುಂಬಾ ಹೊತ್ತು ನೋಡ್ಕೊಂಡಿದ್ದ ಜೋಡಿಗಳಲ್ಲಿ ನಾಯಿಗೂ ಓನರ್‌ಗೂ ಇಬ್ರಿಗೂ ಆಕ್ಸಿಟೋಸಿನ್ ಏರಿತ್ತು, ತಾಯಿ ಮಗು ನಡುವೆ ಕೆಲಸ ಮಾಡೋ ಅದೇ ಹಾರ್ಮೋನ್. ಮರಿಯಿಂದ ಮನುಷ್ಯರೇ ಸಾಕಿದ ತೋಳಗಳಲ್ಲಿ ಮಾತ್ರ ಹೀಗಾಗ್ಲಿಲ್ಲ.

ಸಾಕ್ಸ್ ಕದಿಯೋದು ಗೊತ್ತಲ್ಲ? ತೊಳೆದಿದ್ದು ಬೇಡ, ಬಿಚ್ಚಿಟ್ಟಿದ್ದೇ ಬೇಕು! ಅಮೆರಿಕದ ಎಮೊರಿ ಯೂನಿವರ್ಸಿಟಿಯ ಗ್ರೆಗರಿ ಬರ್ನ್ಸ್ ನಾಯಿಗಳಿಗೆ ಎಚ್ಚರವಾಗಿದ್ದೇ ಮೆದುಳಿನ ಸ್ಕ್ಯಾನರ್‌ನಲ್ಲಿ ಅಲ್ಲಾಡದೆ ಮಲಗೋಕೆ ಕಲ್ಸಿ ನೋಡಿದ್ರು, ಗುರುತಿರೋ ಮನುಷ್ಯರ ವಾಸನೆ ಕೊಟ್ಟಾಗ ಮೆದುಳಲ್ಲಿ ಖುಷಿಯನ್ನ ನಿರೀಕ್ಷಿಸೋ ಭಾಗ ಎಲ್ಲಕ್ಕಿಂತ ಜಾಸ್ತಿ ಚುರುಕಾಯ್ತು, ಗುರುತಿರೋ ನಾಯಿ ವಾಸನೆಗಿಂತಲೂ. ಆ ಸಾಕ್ಸ್ ಕಿತ್ಕೊಳ್ಳೋಕೆ ನಂಗಂತೂ ಮನಸ್ಸು ಬರಲ್ಲ.

ಒಂದು ವಿಷ್ಯ ಮಾತ್ರ ಹೇಳ್ಲೇಬೇಕು, ನಾವು ಪ್ರೀತಿ ಅಂತ ಗಟ್ಟಿಯಾಗಿ ತಬ್ಕೊಳ್ತೀವಲ್ಲ, ತುಂಬಾ ನಾಯಿಗಳಿಗೆ ಅದು ಹಿಂಸೆ. ಮುಖ ಆಕಡೆ ತಿರುಗ್ಸುತ್ತೆ, ಕಿವಿ ಹಿಂದಕ್ಕೆ ಹೋಗುತ್ತೆ, ತುಟಿ ನೆಕ್ಕೊಳ್ಳುತ್ತೆ, ನಿದ್ದೆ ಬರ್ದೇ ಇದ್ರೂ ಆಕಳಿಸುತ್ತೆ, ಕಣ್ಣಂಚಲ್ಲಿ ಬಿಳಿ ಕಾಣುತ್ತೆ, ಫೋಟೋದಲ್ಲಿ ನಾವು ನಗ್ತಿರ್ತೀವಿ ಪಾಪ ಅದು ಬಿಟ್ರೆ ಸಾಕು ಅಂತಿರುತ್ತೆ. ಅದಕ್ಕೆ ಹೀಗ್ಮಾಡಿ, ಎದೆ ಹತ್ರ ಮೆಲ್ಲಗೆ ಸ್ವಲ್ಪ ಹೊತ್ತು ಸವರಿ, ಕೈ ತೆಗೀರಿ, ಕಾಯಿರಿ. ಮೂತಿಯಿಂದ ಕೈ ತಳ್ಳಿ ಇನ್ನೂ ಬೇಕು ಅಂದ್ರೆ ಸವರ್ತಾ ಇರಿ, ಎದ್ದು ಹೋದ್ರೆ ಹೋಗ್ಲಿ ಬಿಡಿ.