ಟಾರ್ಪಾಲಿನ ನಾಲ್ಕನೇ ಮೂಲೆ

ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲಿನ ಸಮಯ. ಕೆಲಸ ಬಿಟ್ಟು ನಾಪೋಕ್ಲು, ಸೋಮವಾರಪೇಟೆ ಕಡೆಯಿಂದೆಲ್ಲ ಮಡಿಕೇರಿಗೆ ಬಂದಿದ್ದೀರಿ. ನೇರ ವಿಷಯಕ್ಕೇ ಬರುತ್ತೇನೆ. ಕಾದಂಬರಿಯನ್ನು ಎಲ್ಲಿಂದ ಶುರು ಮಾಡಬೇಕು?

ಐದು ವರ್ಷದಿಂದ ನಾನು ಒಂದೇ ಕಾದಂಬರಿ ಬರೆಯುತ್ತಿದ್ದೇನೆ. ಒಂದು ತೋಟದ ಮನೆ, ಆಸ್ತಿ ಪಾಲು, ಬೆಂಗಳೂರಿನಿಂದ ವಾಪಸ್ ಬರುವ ಮಗಳು. ಅದಕ್ಕೆ ಮೂರು ಸಲ ಮೂರು ಥರದ ಶುರು ಬರೆದೆ.

ಮೊದಲನೆಯದು 1834ರಿಂದ. ಕಂಪನಿಯವರು ಕೊಡಗನ್ನು ವಶ ಮಾಡಿಕೊಂಡದ್ದು, ಆಮೇಲೆ ಕಾಫಿ ತೋಟಗಳು ಎದ್ದದ್ದು, ಮುತ್ತಜ್ಜ ಕಾಡು ಸವರಿ ಗಿಡ ನೆಟ್ಟದ್ದು. 41 ಪುಟ ಮುಗಿದರೂ ನನ್ನ ನಾಯಕಿ ಇನ್ನೂ ಹುಟ್ಟಿರಲಿಲ್ಲ. ಆ ಪುಟಗಳು ದಂಡ ಅಂತ ನಾನು ಹೇಳುವುದಿಲ್ಲ. ಆ ಮನೆಯ ಒಳಗೆ ಹೋಗಲಿಕ್ಕೆ ನನಗೆ ಅವು ಬೇಕಿದ್ದವು. ಓದುವವರಿಗೆ ಬೇಕಿರಲಿಲ್ಲ, ಅಷ್ಟೇ.

ಎರಡನೆಯದು 2018ರ ಆಗಸ್ಟ್. ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದದ್ದನ್ನು ಇಲ್ಲಿ ಕೂತ ಎಷ್ಟೋ ಜನ ಕಣ್ಣಾರೆ ಕಂಡವರು. ನನ್ನ ಕಥೆಯ ಮನೆಯೂ ಆ ಮಳೆಗೇ ಹೋಗುತ್ತದೆ. ಅಲ್ಲಿಂದಲೇ ಹಿಡಿದರೆ ಓದುಗರು ಕದಲುವುದಿಲ್ಲ ಅಂದುಕೊಂಡೆ. ಬರೆದು ಮುಗಿಸಿ ಓದಿದಾಗ ಮನಸ್ಸಿಗೆ ಹಿಂಸೆಯಾಯಿತು. ಯಾರ ಮನೆ ಅಂತಲೇ ಗೊತ್ತಿಲ್ಲ, ಬಿದ್ದುಹೋದರೆ ಯಾರು ಅಳಬೇಕು? ನಮ್ಮ ಜನರ ಸಂಕಟವನ್ನು ಸುಮ್ನೆ ಗಾಳಕ್ಕೆ ಸಿಕ್ಕಿಸಿದ ಹಾಗಿತ್ತು. ಆ ಅಧ್ಯಾಯ ಈಗ ಪುಸ್ತಕದ ಕೊನೆಯ ಭಾಗದಲ್ಲಿದೆ. ಅಷ್ಟು ಹೊತ್ತಿಗೆ ಆ ಮನೆಯ ಅಡುಗೆಮನೆ ಕಿಟಕಿ ಕೂಡ ನಿಮಗೆ ಪರಿಚಯ ಆಗಿರುತ್ತದೆ.

ಮೂರನೆಯದನ್ನು ಹುಡುಕಿಕೊಟ್ಟದ್ದು ನನ್ನ ತಂಗಿಯ ಮಗಳು. ಕರಡು ಓದಿದವಳು 63ನೇ ಪುಟಕ್ಕೆ ಬೆರಳಿಟ್ಟು, "ಮಾವ, ಇಲ್ಲಿಂದ ಮುಂದೆ ನಂಗೆ ಬಿಡ್ಲಿಕ್ಕೇ ಆಗ್ಲಿಲ್ಲ" ಅಂದಳು.

ಆ ಪುಟದಲ್ಲಿ ಇದ್ದದ್ದು ಇಷ್ಟೇ. ಜನವರಿ ತಿಂಗಳು. ಕಣದಲ್ಲಿ ರೊಬಸ್ಟಾ ಕಾಫಿ ಒಣಗುತ್ತಿದೆ. ಮಧ್ಯಾಹ್ನ ಮೂರೂವರೆಗೆ ಇದ್ದಕ್ಕಿದ್ದ ಹಾಗೆ ಮೋಡ ಕಟ್ಟುತ್ತದೆ. ಟಾರ್ಪಾಲು ಎಳೆಯಲಿಕ್ಕೆ ಅಮ್ಮ ಓಡುತ್ತಾರೆ. ಹಿಂದೆಯೇ ತೋಟದ ಲೆಕ್ಕ ಬರೆಯುವ ರೈಟರ್, ಕೆಲಸದವರ ಲೈನ್ ಮನೆಯ ಒಬ್ಬ ಹುಡುಗ. ಟಾರ್ಪಾಲಿಗೆ ನಾಲ್ಕು ಮೂಲೆ, ಇರುವವರು ಮೂವರು. ನಾಲ್ಕನೇ ಮೂಲೆ ಗಾಳಿಗೆ ಎದ್ದು ಪಟಪಟ ಬಡಿಯುತ್ತದೆ. ಅಮ್ಮ ತಮ್ಮ ಮೂಲೆ ಬಿಟ್ಟು ಹೋಗಿ ಅದರ ಮೇಲೆ ಒಂದು ಕಲ್ಲು ಹೇರುತ್ತಾರೆ. ವಾಪಸ್ ಬರುವಷ್ಟರಲ್ಲಿ ಈ ಕಡೆಯ ಕಾಫಿ ನೆನೆದಿರುತ್ತದೆ.

ಆ ಮೂಲೆ ಹಿಡಿಯಬೇಕಾದವರು ಯಾರು, ಎಲ್ಲಿದ್ದಾರೆ? ಕೇಳುವ ಕೆಲಸವನ್ನು ನಾನು ಮಾಡಬೇಕಾಗಿಲ್ಲ, ಗಾಳಿಯೇ ಕೇಳುತ್ತದೆ.

ತೋಟದವರಿಗೆ ಇದರಲ್ಲಿ ಇನ್ನೊಂದು ವಿಷಯ ಕಾಣುತ್ತದೆ. ಜನವರಿಯ ಮಳೆ ಕಣದ ಕಾಫಿಯನ್ನು ಕೆಡಿಸುತ್ತದೆ. ಅದೇ ಮಳೆ ಸ್ವಲ್ಪ ಜೋರಾದರೆ, ಗಿಡದಲ್ಲಿ ಮಲಗಿದ್ದ ಮೊಗ್ಗು ಎಚ್ಚರಾಗಿ ಎಂಟು ಹತ್ತು ದಿನದಲ್ಲಿ ಹೂ ಬಿಡುತ್ತದೆ. ಹಣ್ಣು ಇನ್ನೂ ಕೊಯ್ದು ಆಗಿರುವುದಿಲ್ಲ. ಹಣ್ಣಿಗೆ ಕೈ ಹಾಕಿದರೆ ಹೂ ಉದುರುತ್ತದೆ. ಈ ವರ್ಷದ ಫಸಲು, ಬರುವ ವರ್ಷದ ಫಸಲು ಎರಡೂ ಒಂದೇ ಗಿಡದಲ್ಲಿ ಜಗಳಕ್ಕೆ ನಿಂತ ಹಾಗೆ. ಹಳೆಯದು ಮುಗಿದಿಲ್ಲ, ಹೊಸದು ಕಾಯುವುದಿಲ್ಲ. ಕಥೆ ಶುರು ಮಾಡಲಿಕ್ಕೆ ನಾನು ಹುಡುಕುತ್ತಿದ್ದದ್ದು ಅಂಥ ಒಂದು ದಿನವನ್ನೇ.

ಇದು ಇವತ್ತಿನ ತಲೆನೋವಲ್ಲ. ಮಹಾಭಾರತದ ಆದಿಪರ್ವದಲ್ಲೇ ಒಂದು ಮಾತಿದೆ. ಭಾರತವನ್ನು ಕೆಲವರು ಮನುವಿನಿಂದ ಶುರು ಮಾಡುತ್ತಾರೆ, ಕೆಲವರು ಆಸ್ತೀಕನಿಂದ, ಇನ್ನು ಕೆಲವರು ಉಪರಿಚರ ರಾಜನಿಂದ. ನನಗೆ ಈ ಮಾತು ತುಂಬ ಇಷ್ಟ. ಉಪರಿಚರ ಸತ್ಯವತಿಯ ತಂದೆ. ಅಲ್ಲಿಂದ ಹೊರಟರೆ ಅದು ಒಂದು ವಂಶದ ಕಥೆ. ಆಸ್ತೀಕ ಜನಮೇಜಯನ ಸರ್ಪಯಾಗವನ್ನು ನಿಲ್ಲಿಸಿದವನು. ಅಲ್ಲಿಂದ ಹೊರಟರೆ ಕುರುಕ್ಷೇತ್ರ ಮುಗಿದು ತಲೆಮಾರುಗಳೇ ಕಳೆದಿವೆ, ಆದರೂ ಸೇಡಿನ ಬೆಂಕಿ ಉರಿಯುತ್ತಲೇ ಇದೆ. ಕಥೆ ಅದೇ, ಆದರೆ ನಾವು ಓದುವುದು ಬೇರೆಯದನ್ನು, ಅಲ್ವಾ? ಹಾಗಾಗಿ ಶುರು ಎಲ್ಲಿ ಅಂತ ಕೇಳಿದರೆ, ನಿಮ್ಮ ಕಥೆ ಯಾವುದರ ಬಗ್ಗೆ ಅಂತಲೂ ಕೇಳಿದ ಹಾಗೆ. ಅದು ಕೊನೆಯ ಪುಟ ಬರೆಯುವ ತನಕ ನನಗಂತೂ ಗೊತ್ತಾಗಿಲ್ಲ.

ಅದಕ್ಕೇ ಮೊದಲ ಕರಡು ಬರೆಯುವಾಗ ಈ ತಲೆಬಿಸಿ ಬೇಡ. ಕೈಗೆ ಸಿಕ್ಕಿದ ಕಡೆಯಿಂದ ಬರೆದು ಮುಗಿಸಿ. ತಿದ್ದಲಿಕ್ಕೆ ಕೂತಾಗ ಮೊದಲ ಅಧ್ಯಾಯವನ್ನು ಎತ್ತಿಟ್ಟು, ಎರಡನೆಯದರಿಂದ ಯಾರಿಗಾದರೂ ಓದಲಿಕ್ಕೆ ಕೊಡಿ. ಚೆನ್ನಾಗಿದೆಯಾ ಅಂತ ಕೇಳಬೇಡಿ. ಎಲ್ಲಿ ಗೊತ್ತಾಗಲಿಲ್ಲ ಅಂತ ಮಾತ್ರ ಕೇಳಿ. ನಾನು ಆ 41 ಪುಟ ಪೂರ್ತಿ ತೆಗೆದು ಇನ್ನೊಬ್ಬರಿಗೆ ಕೊಟ್ಟಾಗ ಅವರು ಕೇಳಿದ್ದು ಎರಡೇ ಪ್ರಶ್ನೆ. ಅಪ್ಪ ತೀರಿಕೊಂಡು ಎಷ್ಟು ವರ್ಷ ಆಯಿತು? ತೋಟ ಯಾರ ಹೆಸರಲ್ಲಿದೆ? ಎರಡಕ್ಕೂ ಒಂದೊಂದು ಸಾಲು ಸಾಕಾಯಿತು. ಐನ್‌ಮನೆಗೆ, ಅಂದರೆ ಕುಟುಂಬದ ಹಿರಿಮನೆಗೆ, ಬಂದವರನ್ನು ಮುಂದಿನ ಜಗಲಿಯಾದ ಕೈಯಾಲೆಯಲ್ಲಿ ಕೂರಿಸಿ ಮೊದಲು ಕುಡಿಯಲಿಕ್ಕೆ ಕೊಡುತ್ತೇವೆ, ಹಳೆಯ ತಲೆಮಾರುಗಳ ಪಟ್ಟಿ ಓದುವುದಿಲ್ಲ. ಒಳಗೆ ದೀಪ ಇದೆ ಅಂತ ಅವರಿಗೆ ಅಲ್ಲಿಂದಲೇ ಕಾಣುತ್ತದೆ.

ತೆಗೆದ ಪುಟಗಳನ್ನು ಹರಿಯಬೇಡಿ. ಮುತ್ತಜ್ಜನ ಕೈಬರಹದ ಒಂದು ಚೀಟಿ ಅಲ್ಲಿಂದ ಎದ್ದು ಬಂದು, ಈಗ ಪಾಲಿನ ಅಧ್ಯಾಯದಲ್ಲಿ ಕೂತಿದೆ.

ಈಗ ಆ ಮೊದಲ ಪುಟ ಓದುತ್ತೇನೆ. ಮಧ್ಯದಲ್ಲಿ ನಿಮ್ಮ ಮನಸ್ಸು ಬೇರೆ ಕಡೆ ಹೋದರೆ, ಯಾವ ಸಾಲಿನಲ್ಲಿ ಹೋಯಿತು ಅಂತ ನೆನಪಿಟ್ಟುಕೊಳ್ಳಿ. ಹೊರಗೆ ಕಾಫಿ ಕುಡಿಯುವಾಗ ದಯವಿಟ್ಟು ನನಗೆ ಹೇಳಿ, ಇನ್ನೂ ತಿದ್ದುತ್ತಿದ್ದೇನೆ.